ಕುರಿ ಕೊಟ್ಟಿಗೆಯ ಟ್ಯೂಬ್‌ಲೈಟು

"ಹಲೋ… ಹಲೋ, ಯಾರು ಮಾತಾಡ್ತಿರೋದು?… ಹಾಂ? ಭಾವನಾ?… ಭಾವ, ನಾನು ಕನಕರಾಜು… ಕನಕರಾಜು! ಕೋಡಿಹಳ್ಳಿಯಿಂದ… ಹಾಂ, ನಿಮ್ ಭಾಮೈದನೇಯ."

ಕೋಡಿಹಳ್ಳಿಯ ಹಾಲಿನ ಡೈರಿ ಸೆಕ್ರೆಟರಿ ಕನಕರಾಜು ಬೆಳಗಿನ ಹಾಲನ್ನು ಲಾರಿಗೆ ತುಂಬಿಸಿ ಮನೆಗೆ ಬಂದವನು, ಒಳಗೆ ಕಾಲಿಡದೆ ಸೀದಾ ಹಿತ್ತಲಿಗೆ ನಡೆದಿದ್ದ. ನುಗ್ಗೆ ಮರದ ಹಿಂದೆ ನಿಂತು, ಬಾಯಿಗೆ ಅಂಗೈ ಅಡ್ಡ ಹಿಡಿದು ತಿಪ್ಪಸಂದ್ರಕ್ಕೆ ಕೊಟ್ಟಿದ್ದ ಅಕ್ಕನಿಗೆ ಫೋನು ಮಾಡಿದ್ದ. ಆಡುವ ಮಾತು ಒಳಗಿರುವ ಅವ್ವನ ಕಿವಿಗೆ ಬೀಳಬಾರದೆಂಬುದು ಅವನ ಲೆಕ್ಕ. ಆದರೆ ಫೋನು ಎತ್ತಿದವರು ಭಾವ. ಭಾವನಿಗೆ ಕಿವಿ ಮಂದ. ಗುಟ್ಟು ಹೇಳಲು ಬಂದವನು ಕೋಳಿಗಳು ಬೆದರುವಂತೆ ಕೂಗಬೇಕಾಯಿತು.

"ಅಕ್ಕ ಇಲ್ವಾ ಭಾವ?… ಹೊಲದ ತಾವ ಹೋಗವ್ಳಾ?… ಬಂದ್ಲಾ? ಹಂಗಾದ್ರೆ ಒಸಿ ಕೊಡಿ, ಅರ್ಜೆಂಟು… ಇಲ್ಲ ಇಲ್ಲ, ಯಾರಿಗೂ ಏನೂ ಆಗಿಲ್ಲ. ಎಲ್ಲಾ ಚೆನ್ನಾಗವ್ರೆ."

ಫೋನು ಕೈ ಬದಲಾಯಿತು. ಆ ಕಡೆಯಿಂದ ವರಲಕ್ಷ್ಮಿಯ ಉಸಿರು ಕೇಳಿಸಿತು. ತಮ್ಮ ಬೆಳಗ್ಗೆ ಬೆಳಗ್ಗೆ ಫೋನು ಮಾಡುವವನಲ್ಲ ಎಂಬುದು ಅವಳಿಗೂ ಗೊತ್ತು.

"ಅಕ್ಕಾ… ಹೂಂ ಕಣಕ್ಕ, ನಾನೇಯ… ಅವ್ವನಾ? ಅವ್ವ ಚೆನ್ನಾಗವ್ಳೆ. ಒಲೆ ಮುಂದೆ ಕೂತವ್ಳೆ… ಅಲ್ಲ, ಚೆನ್ನಾಗವ್ಳೆ ಅಂದ್ರೆ… ನೀನು ಒಸಿ ಕೂತ್ಕೊ. ಕೂತ್ಕೊಂಡ್ಯಾ?… ಅಯ್ಯೋ, ಗಾಬರಿಯಾಗ್ಬ್ಯಾಡ. ಅವ್ವಂಗೆ ಕಣ್ಣು ಕಾಣ್ತಾ ಇಲ್ಲ ಕಣಕ್ಕ."

"…ಎರಡೂವೆ. ಎರಡೂ ಕಣ್ಣೂವೆ… ನೆನ್ನೆ ಮೊನ್ನೇದಲ್ಲ, ಬಾಳ ದಿನದ್ದು… ಊಹೂಂ, ನಂಗೂ ಹೇಳಿಲ್ಲ, ಶಿವಲಕ್ಷ್ಮಿಗೂ ಹೇಳಿಲ್ಲ. ಯಾರಿಗೂ ಹೇಳಿಲ್ಲ… ಹಾಂ? ನಂಗೆ ಹೆಂಗೆ ಗೊತ್ತಾಯ್ತಾ?"

ಕನಕರಾಜು ಕೆಮ್ಮಿದ. ಈ ಪ್ರಶ್ನೆ ಬಂದೇ ಬರುತ್ತದೆಂದು ಡೈರಿಯಿಂದ ಮನೆಯವರೆಗೂ ಉತ್ತರ ಜೋಡಿಸುತ್ತಾ ಬಂದಿದ್ದ. ಯಾವ ಕಡೆಯಿಂದ ಜೋಡಿಸಿದರೂ ಕತೆಯಲ್ಲಿ ತಾನು ಬುದ್ಧಿವಂತನಾಗಿ ಕಾಣುವ ಜಾಗ ಒಂದೂ ಸಿಕ್ಕಿರಲಿಲ್ಲ.

"ಲೈಟ್ ಬದಲಾಯ್ಸಕ್ಕೋಗಿ ಗೊತ್ತಾಯ್ತು… ಲೈಟು ಕಣಕ್ಕ, ಲೈಟು! ಮನೆ ದೀಪ… ಮೊದ್ಲಿಂದ ಹೇಳ್ತೀನಿ. ನಡುವೆ ಬಯ್ಬ್ಯಾಡ. ಆಮ್ಯಾಲೆ ಒಟ್ಟಿಗೆ ಬಯ್ಯುವಂತೆ."

ಆ ಮನೆಯ ಟ್ಯೂಬ್‌ಲೈಟುಗಳು ಕನಕರಾಜುವಿನ ಮದುವೆಯ ಕಾಲದವು. ಸ್ವಿಚ್ಚು ಒತ್ತಿದರೆ ಒಂದಷ್ಟು ಹೊತ್ತು ಕಣ್ಣು ಮಿಟುಕಿಸಿ, ಬರಲೋ ಬೇಡವೋ ಎಂದು ಯೋಚಿಸಿ, ಆಮೇಲೆ ಹೊತ್ತಿಕೊಳ್ಳುತ್ತಿದ್ದವು. ಹೊತ್ತಿಕೊಂಡ ಮೇಲೆ ಪಟ್ಟಿಯೊಳಗಿನ ಚೋಕು ಎಂಬ ಡಬ್ಬಿ, ಎಲ್ಲರೂ ದೀಪ ಆರಿಸಿ ಮಲಗುವ ತನಕ, ಗುಂಯ್‌ ಎನ್ನುತ್ತಿತ್ತು. ಆ ಸದ್ದಿಗೆ ಮನೆಯವರ ಕಿವಿ ಎಷ್ಟು ಒಗ್ಗಿತ್ತೆಂದರೆ ಸದ್ದಿದೆ ಎಂಬುದೇ ಮರೆತುಹೋಗಿತ್ತು. ಹೀಗಿರುವಾಗ ಕನಕರಾಜು ಡೈರಿಗೆ ಎಲ್‌ಇಡಿ ಹಾಕಿಸಿದ. ಒತ್ತಿದ ಕ್ಷಣಕ್ಕೆ ಬೆಳಕು, ಸದ್ದಿಲ್ಲ, ಬಿಸಿಯಿಲ್ಲ. ಹಾಲು ಹಾಕಲು ಬಂದವರಿಗೆಲ್ಲ ಅದರ ಗುಣಗಾನ ಮಾಡಿ ಮಾಡಿ, ಕೊನೆಗೆ ತನ್ನ ಮನೆಯಲ್ಲಿ ಇನ್ನೂ ಟ್ಯೂಬ್‌ಲೈಟು ಉರಿಯುವುದು ಅವನಿಗೇ ಅವಮಾನವೆನಿಸಿತು. ಕನಕಪುರಕ್ಕೆ ಹೋಗಿ ಗಫಾರ್ ಭಾಯಿಯ ಅಂಗಡಿಯಿಂದ ಮನೆಗಾಗುವಷ್ಟು ಎಲ್‌ಇಡಿ ಪಟ್ಟಿ ತಂದ.

"…ಯಾರನ್ನೂ ಕರೀಲಿಲ್ಲ, ನಾನೇ ಹಾಕ್ದೆ… ನಗಬ್ಯಾಡ… ಹೂಂ, ಫ್ಯಾನ್ ರಿಪೇರಿ ಮಾಡಕ್ಕೋಗಿ ಉಲ್ಟಾ ತಿರುಗ್ಸಿದ್ದೂ ನಾನೇಯ, ಒಪ್ಕೋತೀನಿ. ಇದು ಹಂಗಾಗ್ಲಿಲ್ಲ. ಮೈನ್ ಆಫ್ ಮಾಡಿ, ಸ್ಟೂಲ್ ಹತ್ತಿ, ನೀಟಾಗಿ ಹಾಕ್ದೆ. ನಡುಮನೆ, ಅಡುಗೆಮನೆ, ರೂಮು, ಜಗಲಿ… ಎಲ್ಲಾ ಉರುದ್ವು. ಅದೇ ಕಣಕ್ಕ ಗ್ರಹಚಾರ. ಎಲ್ಲಾ ಚೆನ್ನಾಗೇ ಉರುದ್ವು!"

ಆ ಸಂಜೆ ಕನಕರಾಜು ಮನೆಮಂದಿಯನ್ನೆಲ್ಲ ನಡುಮನೆಯಲ್ಲಿ ಕೂರಿಸಿ, ಉದ್ಘಾಟನೆಗೆ ಬಂದ ಮುಖಂಡನ ಗತ್ತಿನಲ್ಲಿ ಸ್ವಿಚ್ಚು ಒತ್ತಿದ್ದ. ಹೆಂಡತಿ ಶಿವಲಕ್ಷ್ಮಿ ಕಣ್ಣು ಕಿರಿದು ಮಾಡಿ, ಗೋಡೆಯ ಮೇಲೆ ಇಷ್ಟು ಮಸಿ ಇತ್ತಾ ಎಂದಳು. ಅವ್ವ ಅಂಬಮ್ಮ ಮಾತ್ರ ಕಂಬಕ್ಕೆ ಒರಗಿ ಕಾಯುತ್ತಲೇ ಇದ್ದಳು. ಸ್ವಲ್ಪ ಹೊತ್ತಾದ ಮೇಲೆ, "ಹಾಕಪ್ಪಾ ಮತ್ತೆ, ಕತ್ಲಾಯ್ತು," ಎಂದಳು.

"…ಹಂಗೇ ಅಂದ್ಲು ಕಣಕ್ಕ. ಅಷ್ಟು ಬೆಳಕಲ್ಲಿ ಕೂತ್ಕೊಂಡು ಲೈಟ್ ಹಾಕು ಅಂತಾಳೆ… ನಾನೇನಂದ್ಕೊಂಡೆ? ಆಡ್ಕೋತಾವ್ಳೆ ಅಂದ್ಕೊಂಡೆ! ಹಳೇದನ್ನ ಕಿತ್ತಾಕ್ದೆ ಅಂತ ಕೊಂಕು ತೆಗೀತಾವ್ಳೆ ಅಂದ್ಕೊಂಡೆ… ಅವ್ವನ ಮಾತು ನಿಂಗ್ ಗೊತ್ತಿಲ್ವಾ? ಯಾವತ್ತು ಸೀದಾ ಆಡವ್ಳೆ ಹೇಳು."

ಮಾರನೆಯ ಸಂಜೆಯೂ ಅದೇ ಮಾತು. ಅದರ ಮಾರನೆಯ ಸಂಜೆಯೂ. ಕನಕರಾಜುವಿಗೆ ರೋಷ ಬಂತು. ಮತ್ತೆ ಗಫಾರ್ ಭಾಯಿಯ ಅಂಗಡಿಗೆ ಹೋಗಿ ಅದಕ್ಕಿಂತ ದೊಡ್ಡ ವ್ಯಾಟಿನದು ತಂದ. ಅವ್ವ ಸುಮ್ಮನಾಗಲಿಲ್ಲ. ಇನ್ನೂ ದೊಡ್ಡದು ತಂದ. ಕಡೆಗೆ ಕಲ್ಯಾಣ ಮಂಟಪದ ಅಂಗಳಕ್ಕೆ ಹಾಕುವಂಥ ಒಂದು ದಪ್ಪ ಬಲ್ಬನ್ನು ಹೊತ್ತುಕೊಂಡು ಬಂದು ನಡುಮನೆಯ ತೊಲೆಗೆ ನೇತುಹಾಕಿದ.

"…ಗಫಾರ್ ಭಾಯಿ ಕೇಳ್ದ, ಏನ್ ಸೆಕ್ರೆಟ್ರಿ, ಮನೇಲಿ ಕ್ರಿಕೆಟ್ ಆಡಿಸ್ತೀರಾ ಅಂತ… ಹಾಂ, ಹಾಕ್ದೆ… ಏನಾಯ್ತಾ? ಊರಲ್ಲಿರೋ ಹುಳ ಹುಪ್ಪಟೆಯೆಲ್ಲ ನಮ್ಮನೇಗೆ ಬಂದ್ವು. ಅವುನ್ನ ತಿನ್ನಕ್ಕೆ ಹಲ್ಲಿ ಬಂದ್ವು. ನಮ್ ಹುಂಜ ಬೆಳಗಾಯ್ತು ಅಂತ ಸಂಜೆ ಹೊತ್ನಾಗೇ ಕೂಗ್ತು. ಎದುರುಮನೆ ದೊಡ್ಡಹನುಮಯ್ಯ ಜಗಲಿ ಮ್ಯಾಲೆ ನಿಂತ್ಕೊಂಡು, ಏನ್ಲಾ ಕನಕ, ಲಗ್ನ ಇಟ್ಕೊಂಡಿದ್ಯಾ, ಚಪ್ಪರ ಎಲ್ಲಿ ಅಂದ… ಶಿವಲಕ್ಷ್ಮಿನಾ? ಸೆರಗ ಹಣೆ ಮ್ಯಾಲೆ ಎಳ್ಕೊಂಡು ಉಣ್ಣಕ್ಕಿಕ್ತಾ ಇದ್ಲು. ನಂಗೊಂದು ತಂಪು ಕನ್ನಡಕ ತಂದ್ಕೊಡಿ, ಇಲ್ಲಾಂದ್ರೆ ತೌರಿಗೆ ಹೋಯ್ತೀನಿ ಅಂದ್ಲು."

ಆ ಕಡೆ ವರಲಕ್ಷ್ಮಿ ನಕ್ಕಿರಬೇಕು. ಕನಕರಾಜುವಿಗೂ ನಗು ಬಂತು. ಆದರೆ ನಗುತ್ತಲೇ ಅವನ ಕಣ್ಣು ಹಿತ್ತಲ ಮೂಲೆಯ ಕುರಿ ಕೊಟ್ಟಿಗೆಯ ಕಡೆ ಹೊರಳಿತು, ನಗು ಅಲ್ಲಿಗೇ ನಿಂತಿತು.

"…ಇರು, ಇನ್ನೂ ಐತೆ. ಆ ಬಲ್ಬು ಹಾಕಿದ್ ಮ್ಯಾಲೆ ಅವ್ವ ನಡುಮನೇಲಿ ಕೂರೋದೇ ಬುಟ್ಬುಟ್ಲು. ಸಂಜೆ ಆದ್ರೆ ಅವರೆಕಾಯಿ ಮೊರ ಎತ್ಕೊಂಡು ಕುರಿ ಕೊಟ್ಟಿಗೆಗೆ ಹೋಗದು… ಕುರಿ ಜೊತೇಲಿ ಕಣಕ್ಕ! ಹೋಗಿ ಕರುದ್ರೆ, ಇಲ್ಲೇ ಚೆನ್ನಾಗೈತೆ ಬೆಳಕು ಅಂತಾಳೆ. ಯಾಕಂದ್ರೆ ಕೊಟ್ಟಿಗೇಲಿ ಹಳೇ ಟ್ಯೂಬ್‌ಲೈಟ್ ಹಂಗೇ ಬುಟ್ಟಿದ್ದೆ. ಕುರಿಗ್ಯಾಕೆ ಎಲ್‌ಇಡಿ ಅಂತ… ನಂಗೆ ಉರ್ದೋಯ್ತು. ಹೆತ್ತ ಅವ್ವ ನನ್ ಲೈಟ್ ಬ್ಯಾಡ ಅಂತ ಕುರಿ ಲೈಟಲ್ಲಿ ಕೂತವ್ಳಲ್ಲ ಅಂತ. ಮೊನ್ನೆ ಸಂಜೆ ಸ್ಟೂಲ್ ಎತ್ಕೊಂಡು ಹೊಂಟೆ, ಅದುನ್ನೂ ಕಿತ್ತಾಕ್ಬುಡ್ತೀನಿ ಅಂತ."

ಇಲ್ಲಿಗೆ ಬಂದು ಕನಕರಾಜು ಮಾತು ನಿಲ್ಲಿಸಿದ. ವರಲಕ್ಷ್ಮಿ ಎರಡೆರಡು ಸಲ "ಆಮೇಲೆ?" ಎಂದಳು. ಮೊನ್ನೆಯ ಸಂಜೆ ಅವನ ಕಣ್ಣ ಮುಂದೆ ಇನ್ನೂ ಹಾಗೇ ನಿಂತಿತ್ತು. ಸ್ಟೂಲು ಹೆಗಲ ಮೇಲಿಟ್ಟುಕೊಂಡು, ಅವ್ವನಿಗೆ ಹೇಳಬೇಕೆಂದಿದ್ದ ಮಾತನ್ನು ಬಾಯಲ್ಲಿ ತುಂಬಿಕೊಂಡು ಅವನು ಕೊಟ್ಟಿಗೆಯ ಬಾಗಿಲಿಗೆ ಹೋಗಿದ್ದ. ಒಳಗೆ ಕತ್ತಲಿತ್ತು. ಕುರಿಗಳ ಬೆನ್ನು ಕೂಡ ಸರಿಯಾಗಿ ಕಾಣುತ್ತಿರಲಿಲ್ಲ. ಮೇಲಿದ್ದ ಟ್ಯೂಬು ಯಾವಾಗಲೋ ಸುಟ್ಟುಹೋಗಿ, ಎರಡು ತುದಿಯಲ್ಲಿ ಮಾತ್ರ ಬೀಡಿಯ ಕೆಂಡದಷ್ಟು ಕೆಂಪು ಉಳಿದಿತ್ತು. ಚೋಕು ಮಾತ್ರ ಎಂದಿನಂತೆ ಗುಂಯ್‌ಗುಡುತ್ತಿತ್ತು. ಅದರ ಕೆಳಗೆ, ಬೆಳಕಿನಲ್ಲಿ ಕೂತವಳ ನೆಮ್ಮದಿಯಲ್ಲಿ, ಅವ್ವ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"…ಉರೀತಾನೇ ಇರ್ಲಿಲ್ಲ ಕಣಕ್ಕ ಅದು. ಬರೀ ಸದ್ದು… ಹೂಂ. ಸದ್ದು ಕೇಳ್ಸಿದ್ರೆ ಲೈಟೈತೆ, ಕೇಳ್ಸದಿದ್ರೆ ಇಲ್ಲ. ಅಷ್ಟೇ ಅವಳ ಲೆಕ್ಕ. ನಾನು ಮನೇಲಿದ್ದ ಸದ್ದೆಲ್ಲ ಕಿತ್ತು ಗುಜರಿಗೆ ಹಾಕ್ಬುಟ್ಟಿದ್ನಲ್ಲ… ಕೇಳ್ದೆ. ಅವ್ವ, ಬೆಳಕು ಸಾಕೇನವ್ವ ಅಂತ ಕೇಳ್ದೆ. ಬಾಳ ಚೆನ್ನಾಗೈತೆ ಕಣ್ಲಾ, ಇದು ಕಣ್ಲಾ ಬೆಳಕು ಅಂದ್ರೆ, ಅಂದ್ಲು."

ನುಗ್ಗೆ ಮರದಿಂದ ಒಂದೆರಡು ಹೂವು ಅವನ ಹೆಗಲ ಮೇಲೆ ಉದುರಿದವು. ಅವನು ಕೊಡವಿಕೊಳ್ಳಲಿಲ್ಲ.

"…ಅಲ್ಲೇ ಕೂತೆ. ಸ್ಟೂಲ್ ಹಾಕ್ಕೊಂಡು ಅವಳ ಪಕ್ಕದಲ್ಲೇ ಕೂತೆ. ಕಿತ್ತಾಕಕ್ಕೆ ಬಂದವ್ನು ಅವರೆಕಾಯಿ ಸುಲ್ದೆ… ಗೊತ್ತು ಕಣಕ್ಕ, ಗೊತ್ತು. ಬಯ್ಯಿ. ಹಾಲಲ್ಲಿ ಒಂದು ತೊಟ್ಟು ನೀರು ಬೆರೆಸಿದ್ರೂ ಕಂಡು ಹಿಡೀತೀನಿ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತೀನಿ, ಮನೇಲಿರೋ ಅವ್ವಂಗೆ ಕಣ್ ಹೋಗಿರೋದು ಗೊತ್ತಾಗ್ಲಿಲ್ಲ. ಅವಳು ಕಾಣ್ತಿಲ್ಲ ಅಂದಂಗೆಲ್ಲ ನಾನು ವ್ಯಾಟ್ ಜಾಸ್ತಿ ಮಾಡ್ಕೊಂಡು ಹೋದೆ. ನನ್ನಂಥ ಬೆಪ್ಪನ್ನ ಈ ಹೋಬಳೀಲಿ ಹುಡುಕ್ಬೇಕು."

ವರಲಕ್ಷ್ಮಿ ಬಯ್ಯತೊಡಗಿದಳು. ಕನಕರಾಜು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು, ಅಲ್ಲಲ್ಲಿ ಹೂಂಗುಟ್ಟುತ್ತಾ ಕೇಳಿಸಿಕೊಂಡ. ಒಂದೇ ಸೂರಿನಡಿ ಇದ್ದುಕೊಂಡು ನಿನಗೂ ನಿನ್ನ ಹೆಂಡತಿಗೂ ಗೊತ್ತಾಗಲಿಲ್ಲವೇ ಎಂಬಲ್ಲಿಗೆ ಬಂದಾಗ ಮಾತ್ರ ತಡೆದ.

"…ಸರಿ, ನಮ್ಗೆ ಗೊತ್ತಾಗ್ಲಿಲ್ಲ. ಗೌರಿ ಹಬ್ಬಕ್ಕೆ ನೀನೂ ಬಂದಿದ್ಯಲ್ಲ, ಅವ್ವನ ಪಕ್ಕದಲ್ಲೇ ಮಲಗಿದ್ಯಲ್ಲ, ನಿಂಗ್ ಗೊತ್ತಾಯ್ತಾ?… ಸೀರೆ ಚೆಂದ ಐತೆ ಅಂದ್ಲಾ? ಸೆರಗ ಹಿಡ್ದು ಸವರಿ ನೋಡಿ ಅಂದ್ಲಾ?… ಯಾವ ಬಣ್ಣ ಅಂತ ಹೇಳುದ್ಲಾ?… ನೋಡು ಮತ್ತೆ."

"…ಅಕ್ಕ… ಅಳಬ್ಯಾಡ. ಅದಕ್ಕೆ ಫೋನ್ ಮಾಡಿರೋದು ಕೇಳು. ನೆನ್ನೆ ಕನಕಪುರಕ್ಕೆ ಕಣ್ ಡಾಕ್ಟ್ರ ತಾವ ಕರ್ಕೊಂಡು ಹೋಗಿದ್ದೆ… ಹೆಂಗ್ ಒಪ್ಪುದ್ಲಾ? ಗಫಾರ್ ಭಾಯಿ ಅಂಗ್ಡಿಗೆ ಹೋಗಿ ಹಳೇ ಟ್ಯೂಬ್‌ಲೈಟೇ ತರೋಣ, ನೀನೇ ಆರಿಸುವಂತೆ ಬಾ ಅಂದೆ. ಖುಸಿಯಾಗಿ ಬಂದ್ಲು. ಆಸ್ಪತ್ರೆ ವಾಸ್ನೆ ಬಡೀತಿದ್ದಂಗೆ ಗೊತ್ತಾಗೋಯ್ತು. ನನ್ ರಟ್ಟೆ ಹಿಡ್ಕೊಂಡು ಒಂದು ಚಿವುಟ್ಲು ನೋಡು, ಇನ್ನೂ ಕೆಂಪಗೈತೆ."

"…ಪೊರೆ ಅಂತೆ. ಎರಡೂ ಕಣ್ಣಲ್ಲೂ ಹಣ್ಣಾಗಿ ಗಟ್ಟಿಯಾಗೈತಂತೆ. ಬಿಸ್ಲಿಗೆ ಬಂದ್ರೆ ಮಂಜು ಮಂಜಾಗಿ ತಿಳೀತದೆ, ಮನೆ ಒಳಗಿನ ಬೆಳಕು ಅವಳಿಗೆ ಗೊತ್ತೇ ಆಗಕ್ಕಿಲ್ಲ ಅಂದ್ರು… ಹಾಂ, ಆಪ್ರೇಸನ್ ಮಾಡುದ್ರೆ ಬತ್ತದಂತೆ. ಒಂದಾದ್ಮ್ಯಾಲೆ ಒಂದು ಮಾಡ್ತಾರಂತೆ. ಆದ್ರೆ ತಡ ಮಾಡ್ಬ್ಯಾಡಿ ಅಂದವ್ರೆ. ಇನ್ನೂ ಬುಟ್ರೆ ಪೊರೆ ಒಡ್ದು ಕಣ್ಣೇ ಹೋಗ್ಬುಡ್ತದೆ, ಆಮ್ಯಾಲೆ ಏನ್ ಮಾಡುದ್ರೂ ಬರಕ್ಕಿಲ್ಲ ಅಂದ್ರು."

"…ಅವ್ವನಾ? ನಂಗೆ ಎಲ್ಲಾ ಕಾಣ್ತದೆ, ಇವ್ನಿಗೆ ತಲೆ ಕೆಟ್ಟೈತೆ, ಇವ್ನುನ್ನ ನೋಡಿ ಅಂತ ಡಾಕ್ಟ್ರಿಗೆ ಹೇಳುದ್ಲು. ಅವ್ರು ಕೈ ತೋರ್ಸಿ ಎಷ್ಟು ಬೆರಳಮ್ಮ ಅಂದ್ರು. ಐದು ಅಂದ್ಲು. ಅವ್ರು ತೋರ್ಸಿದ್ದು ಎರಡು. ಎರಡು ತೋರ್ಸುದ್ರೆ ಮಿಕ್ಕ ಮೂರು ಎಲ್ಲೋಯ್ತಾವೆ, ಮನುಷ್ಯಂಗಿರೋದು ಐದೇ ಅಲ್ವಾ ಅಂತ ಅವ್ರಿಗೇ ತಿರುಗ್ಸಿ ಕೇಳುದ್ಲು… ಹೂಂ, ಡಾಕ್ಟ್ರು ನಕ್ಬುಟ್ರು. ಎದ್ದು ಬಂದ್ಬುಟ್ಲು. ನೆನ್ನೆಯಿಂದ ನನ್ ಜೊತೆ ಮಾತಿಲ್ಲ. ನಾಳೆ ಬೆಳಗ್ಗೆ ಬಂದು ಅಡ್ಮಿಟ್ ಮಾಡಿ ಅಂದವ್ರೆ. ನೀನು ಇವತ್ತೇ ಬಸ್ ಹತ್ತು ಅಕ್ಕ. ನನ್ ಮಾತು ಕೇಳಕ್ಕಿಲ್ಲ. ನೀನು ಹೇಳುದ್ರೆ…"

"ಯಾರ್ಲಾ ಅದು ಫೋನ್ನಾಗೆ?"

ಹಿತ್ತಲ ಬಾಗಿಲಲ್ಲಿ ಅಂಬಮ್ಮ ನಿಂತಿದ್ದಳು. ಒಂದು ಕೈ ಗೋಡೆಯ ಮೇಲಿತ್ತು, ಇನ್ನೊಂದರಲ್ಲಿ ಮುದ್ದೆ ಕೋಲು. ಕನಕರಾಜು ಫೋನನ್ನು ಬೆನ್ನ ಹಿಂದೆ ಬಚ್ಚಿಟ್ಟ. ಕಾಣದವಳಿಂದ ಏನನ್ನು ಬಚ್ಚಿಡುತ್ತಿದ್ದೇನೆ ಎಂದು ಮರುಕ್ಷಣವೇ ನಾಚಿಕೆಯಾಯಿತು.

"ಡೈರಿಯವ್ರು ಕಣವ್ವ."

"ಡೈರಿಯವ್ರು ಅಳ್ತಾರೇನ್ಲಾ?"

ಅವನ ಬೆನ್ನ ಹಿಂದೆ ಫೋನಿನಿಂದ ವರಲಕ್ಷ್ಮಿಯ ಬಿಕ್ಕು ಸಣ್ಣಗೆ ಕೇಳುತ್ತಿತ್ತು. ಅಂಬಮ್ಮ ಕೋಲನ್ನು ಕಂಕುಳಿಗೆ ಸಿಕ್ಕಿಸಿ ಕೈ ಚಾಚಿದಳು. ಕನಕರಾಜು ಹತ್ತಿರ ಹೋಗಿ ಫೋನನ್ನು ಅವಳ ಅಂಗೈಯಲ್ಲಿಟ್ಟು, ಕಿವಿಗೆ ಸರಿಯಾಗಿ ಹಿಡಿಸಿದ.

"ಹಲೋ… ಯಾರು, ವರಲಕ್ಷ್ಮಿನಾ?… ಅಳಬ್ಯಾಡ ಕಣವ್ವ. ಇವನ ಮಾತು ಕಟ್ಕೊಂಡು ನೀನ್ಯಾಕೆ ಅಳ್ತೀಯ… ಇವ್ನು ಮನೆ ತುಂಬ ಅದೇನೋ ಲೈಟ್ ಹಾಕ್ಕೊಂಡು, ಅದು ಚೆನ್ನಾಗಿಲ್ಲ ಅಂದಿದ್ಕೆ ನನ್ ಕಣ್ಣೇ ಸರಿಯಿಲ್ಲ ಅಂತಾವ್ನೆ… ಕಾಣ್ತದೆ ಕಣವ್ವ. ನಂಗೆ ಎಲ್ಲಾ ಕಾಣ್ತದೆ."

"…ಹೂಂ… ಹೂಂ… ಯಾವ ಸೀರೆ?… ಗೌರಿ ಹಬ್ಬಕ್ಕೆ ಉಟ್ಕೊಂಡು ಬಂದಿದ್ದಾ? ನೆಪ್ಪೈತೆ, ಚೆಂದಾಗಿತ್ತು. ಅಂಚು ದಪ್ಪಗಿತ್ತು… ಬಣ್ಣನಾ?"

ಅಂಬಮ್ಮನ ತುಟಿ ಅಲುಗಿತು. ಮಗಳು ಉತ್ತರಕ್ಕಾಗಿ ಕಾದಳು. ಅವ್ವ ಏನಾದರೊಂದು ಬಣ್ಣ ಹೇಳಿಬಿಡಲಿ, ಅದು ಸರಿಯಾಗಿರಲಿ, ಕೊಟ್ಟಿಗೆಯಲ್ಲಿ ತಾನು ನೋಡಿದ್ದೇ ಸುಳ್ಳಾಗಿಬಿಡಲಿ ಎಂದು ಕನಕರಾಜು ಒಂದು ಗಳಿಗೆ ಬೇಡಿಕೊಂಡ.

"…ಮರ್ತೋಯ್ತು ಕಣವ್ವ."

"…ಇಲ್ಲ… ಮರೆತಿದ್ದಲ್ಲ… ಹೂಂ. ಕಾಣ್ಲಿಲ್ಲ… ನಿನ್ ಮಖಾನೂ ಕಾಣ್ಲಿಲ್ಲ ಕಣವ್ವ. ಕೆನ್ನೆ ಮುಟ್ಟಿ ನೋಡ್ದೆ, ಸೊರಗಿದ್ದೆ ಅನ್ನುಸ್ತು. ಅಷ್ಟೇಯ… ಹೂಂ… ಬಾ, ಬಂದ್ರೆ ಬಾ. ಯಾರ್ ಬ್ಯಾಡ ಅಂದ್ರು… ಆಪ್ರೇಸನ್ ಭಯ ಅಲ್ಲ ಕಣೇ. ನಾನು ಹೇಳ್ದೆ ಇದ್ದುದ್ಕೆ ಬ್ಯಾರೆ ಕಾರಣ ಐತೆ… ಹಲೋ… ಹಲೋ?"

ಅವಳ ಕಿವಿಯ ಬಳಿ ವರಲಕ್ಷ್ಮಿಯ ದನಿ ತಟ್ಟನೆ ನಿಂತು, ಫೋನಿನ ಪರದೆ ಕಪ್ಪಾಯಿತು. ಚಾರ್ಜು ಮುಗಿದಿತ್ತೋ, ತಿಪ್ಪಸಂದ್ರದ ಕಡೆ ಲೈನೇ ಹೋಯಿತೋ. ಕನಕರಾಜು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಂಬಮ್ಮ ಫೋನನ್ನು ಹಾಗೇ ಕಿವಿಗೊತ್ತಿಕೊಂಡು ಮಾತು ಮುಂದುವರಿಸಿದ್ದಳು. ದನಿ ಮೊದಲಿಗಿಂತ ಮೆತ್ತಗಾಗಿತ್ತು.

"ಕಣ್ ಕಾಣಕ್ಕಿಲ್ಲ ಅಂತ ಗೊತ್ತಾದ್ರೆ ಮೊದ್ಲು ಈ ಮುದ್ದೆ ಕೋಲು ಕಿತ್ಕೋತಾರೆ. ನೀನ್ ಸುಮ್ಕೆ ಕೂತ್ಕೊ ಅವ್ವ, ನಾವ್ ಮಾಡ್ತೀವಿ ಅಂತಾರೆ. ಕುರಿ ತಾವ ಹೋಗ್ಬ್ಯಾಡ ಅಂತಾರೆ, ಒಲೆ ತಾವ ಬರ್ಬ್ಯಾಡ ಅಂತಾರೆ. ತಟ್ಟೆ ತಂದು ಕೂತಲ್ಲಿಗೇ ಇಕ್ತಾರೆ. ಕನಕ ಕೆಟ್ಟವ್ನಲ್ಲ. ನನ್ ಸೊಸೇನೂ ಕೆಟ್ಟವ್ಳಲ್ಲ. ಅದೇ ಭಯ. ಒಳ್ಳೇವ್ರೇ ಮೊದ್ಲು ಮೂಲೇಲಿ ಕೂರ್ಸೋದು."

ಕನಕರಾಜು ಉಸಿರು ಬಿಗಿ ಹಿಡಿದು ನಿಂತ. ಕೇಳಿಸಿಕೊಳ್ಳುವುದು ತಪ್ಪೆನಿಸಿತು. ಆದರೆ ಅಲ್ಲಿಂದ ಒಂದು ಹೆಜ್ಜೆ ಸರಿದರೂ ಒಣಗಿದ ಸೊಪ್ಪು ಕಾಲಡಿ ಸದ್ದು ಮಾಡುತ್ತಿತ್ತು.

"ಮೊನ್ನೆ ಕೊಟ್ಟಿಗೇಲಿ ಬಂದು ನನ್ ಪಕ್ಕ ಕೂತ್ಕೊಂಡ. ಒಂದು ಮಾತೂ ಆಡ್ದೆ ಅವರೆಕಾಯಿ ಸುಲ್ದ. ಅವತ್ತೇ ಅಂದ್ಕೊಂಡೆ, ಇವ್ನಿಗೆ ಗೊತ್ತಾಗೋಯ್ತು ಅಂತ. ಗೊತ್ತಾದ್ಮ್ಯಾಲೂ ನನ್ ಕೈಯಿಂದ ಮೊರ ಕಿತ್ಕೊಳ್ಲಿಲ್ಲ… ನಾಳೆ ಆಸ್ಪತ್ರೆಗೆ ಬತ್ತೀನಿ. ಡಾಕ್ಟ್ರು ಅದೇನ್ ಕುಯ್ತಾರೋ ಕುಯ್ಲಿ. ಆದ್ರೆ ಇವತ್ತಿನ ಮುದ್ದೆ ನಾನೇ ಕಟ್ಟೋದು. ಬಂದ್ಮ್ಯಾಲೂ ನಾನೇ ಕಟ್ಟೋದು. ಕಣ್ ಬಂದ್ರೂ ಸರಿ, ಬರ್ದಿದ್ರೂ ಸರಿ."

ಅವಳು ಫೋನನ್ನು ಕಿವಿಯಿಂದ ತೆಗೆದು ಮುಂದಕ್ಕೆ ಚಾಚಿದಳು. ಕನಕರಾಜುವಿಗೆ ಅದನ್ನು ತೆಗೆದುಕೊಳ್ಳಲು ಕೈ ಬರಲಿಲ್ಲ. ಇಷ್ಟನ್ನೂ ಅವಳು ಮಗಳಿಗೆಂದು ಹೇಳಿದ್ದು, ಮಗಳಿಗೆ ಮುಟ್ಟಿಲ್ಲ. ಮತ್ತೊಮ್ಮೆ ಹೇಳು ಎಂದರೆ ಈ ಜನ್ಮದಲ್ಲಿ ಹೇಳುವವಳಲ್ಲ.

"ಅವ್ವ…" ಎಂದ, ಆದಷ್ಟು ಮೆಲ್ಲಗೆ. "ಲೈನು ಆಗ್ಲೇ ಕಟ್ಟಾಗೈತೆ ಕಣವ್ವ. ಅಕ್ಕಂಗೆ ಇದ್ಯಾವ್ದೂ ಕೇಳ್ಸಿಲ್ಲ."

ಅಂಬಮ್ಮ ಕಂಕುಳಿಂದ ಮುದ್ದೆ ಕೋಲನ್ನು ಕೈಗೆ ತೆಗೆದುಕೊಂಡು, ಗೋಡೆ ಹಿಡಿದು ಒಳಕ್ಕೆ ತಿರುಗಿದಳು.

"ಗೊತ್ತು ಕಣ್ಲಾ," ಎಂದಳು. "ಕಟ್ಟಾದ್ಮ್ಯಾಲೆ ಹೇಳಿದ್ದೆಲ್ಲ ನಿಂಗೇಯ."